ಸ್ಟುಡಿಯೋ ಅಕ್ಕ ತೆಗೆದ ಸಿದ್ದಿ ಕಲಾವಿದರ ಭಾವಚಿತ್ರಗಳು

ಆಗಷ್ಟೇ ಯಂತ್ರದಿಂದ ಹೊರಬಂದ ಫೋಟೋ ಕಾಗದಕ್ಕೆ ತನ್ನದೇ ಆದ ಒಂದು ವಾಸನೆ ಇರುತ್ತದೆ. ಅದು ಬಿಸಿಯಾದ ಪ್ಲಾಸ್ಟಿಕ್ಕಿನದೂ ಅಲ್ಲ, ಔಷಧಿಯದೂ ಅಲ್ಲ, ಎರಡರ ನಡುವಿನದು. ಕಳೆದ ತಿಂಗಳು ಪಿಂಚಣಿಯ ಕೆಲಸದ ನಿಮಿತ್ತ ಅರಸೀಕೆರೆಯ ರೈಲ್ವೆ ನಿಲ್ದಾಣದ ರಸ್ತೆಯಲ್ಲಿರುವ ಮೊಬೈಲ್ ಅಂಗಡಿಯೊಂದರಲ್ಲಿ ಪಾಸ್‌ಪೋರ್ಟ್ ಅಳತೆಯ ಭಾವಚಿತ್ರ ತೆಗೆಸಿಕೊಂಡೆನು. ಅಂಗಡಿಯ ಯುವಕ ಕೊಟ್ಟ ಹಾಳೆ ಕೈಯಲ್ಲಿ ಇನ್ನೂ ಬೆಚ್ಚಗಿತ್ತು. ಅದರಲ್ಲಿದ್ದ ನನ್ನ ಮುಖಗಳೆಲ್ಲವೂ ನನಗಿಂತ ಬೆಳ್ಳಗಿದ್ದವು. ವಿಚಾರಿಸಲಾಗಿ, "ಎಲ್ರಿಗೂ ಹಂಗೇ ಮಾಡೋದು ಸರ್, ಯಾರೂ ಬೇಡ ಅನ್ನಲ್ಲ" ಎಂದು ನಗುತ್ತಾ ತಿಳಿಸಿದನು.

ಅಂಗಡಿಯ ಮೆಟ್ಟಿಲಿಳಿದು ಬಂದವನು ರಸ್ತೆಯ ಬದಿಯಲ್ಲಿ ಸ್ವಲ್ಪ ಹೊತ್ತು ನಿಂತುಬಿಟ್ಟೆನು. ಸದರಿ ಅಂಗಡಿ ಇರುವ ಜಾಗದಲ್ಲಿಯೇ ಹಿಂದೆ ಒಂದು ಫೋಟೋ ಸ್ಟುಡಿಯೋ ಇತ್ತು. ಅದನ್ನು ನಡೆಸುತ್ತಿದ್ದವರನ್ನು ನಮ್ಮ ಬೀದಿಯವರೆಲ್ಲರೂ ಸ್ಟುಡಿಯೋ ಅಕ್ಕ ಎಂದೇ ಕರೆಯುತ್ತಿದ್ದೆವು. ಅವರ ಬಗ್ಗೆ ನಾಲ್ಕು ಮಾತು ಬರೆದಿಡಬೇಕೆಂದು ಅಲ್ಲಿ ನಿಂತಾಗಲೇ ನಿಶ್ಚಯಿಸಿದೆನು. ಸಹಕಾರ ಸಂಘದ ಕಚೇರಿಯಲ್ಲಿ ಪತ್ರ ಬರೆದೇ ಸೇವೆ ಮುಗಿಸಿದವನು ನಾನು. ಲೇಖನ ಬರೆಯುವುದು ಇದೇ ಮೊದಲು. ಎಲ್ಲಿಯಾದರೂ ಕ್ರಮ ತಪ್ಪಿದ್ದಲ್ಲಿ ಓದುಗರು ಮನ್ನಿಸಬೇಕಾಗಿ ಕೋರುತ್ತೇನೆ.

ಅಕ್ಕ ಅವಿವಾಹಿತೆ. ತಂದೆಯಿಂದ ಬಂದ ಸ್ಟುಡಿಯೋವನ್ನು ಒಬ್ಬರೇ ನಡೆಸುತ್ತಿದ್ದರು. ಎತ್ತರದ ನಿಲುವು, ಕಪ್ಪು ಮೈಬಣ್ಣ, ಬೀದಿಯ ತುದಿಗೂ ಕೇಳಿಸುವ ಧ್ವನಿ. ಕೊಬ್ಬರಿ ವರ್ತಕರ ಮನೆಗಳ ಮದುವೆ, ಗೃಹಪ್ರವೇಶ, ಮಠದ ಸಮಾರಂಭಗಳಿಗೆಲ್ಲ ಅವರದೇ ಕ್ಯಾಮೆರಾ. ಸ್ಟುಡಿಯೋದ ನಡುವೆ ಬೀಟೆ ಮರದ ಒಂದು ಭಾರವಾದ ಕುರ್ಚಿ ಇತ್ತು. ನಮ್ಮ ಊರಿನ ಹಿರಿಯ ವರ್ತಕರೆಲ್ಲರೂ ಪೇಟ ಸುತ್ತಿ, ಕುರ್ಚಿಯ ತೋಳಿನ ಮೇಲೆ ಕೈಯಿಟ್ಟು, ಅದರಲ್ಲಿ ಕುಳಿತೇ ತಮ್ಮ ದೊಡ್ಡ ಭಾವಚಿತ್ರ ತೆಗೆಸಿಕೊಂಡಿದ್ದರು. ಹೆಣ್ಣುಮಕ್ಕಳ ಮದುವೆ ಮಾತುಕತೆಗೆ ಕಳುಹಿಸುವ ಫೋಟೋ ಎಂದರೂ ಜನ ಅಕ್ಕನ ಬಳಿಗೇ ಬರುತ್ತಿದ್ದರು. ಅವರು ತಿದ್ದಿದರೆ ಎಂಥ ಮುಖವೂ ಬೆಳದಿಂಗಳಂತೆ ಬರುತ್ತದೆ ಎಂಬ ಹೆಸರಿತ್ತು.

ನಮ್ಮ ಊರಿನ ಕಲಾ ಸಂಘಕ್ಕೆ ಆಗ ನಾನು ಸಹಕಾರ್ಯದರ್ಶಿಯಾಗಿದ್ದೆನು. ಅಕ್ಕ ನನ್ನನ್ನು ಕರೆಯುತ್ತಿದ್ದುದೂ "ಸೆಕ್ರೆಟ್ರಿಗಳೇ" ಎಂದೇ. ಅದರಲ್ಲಿ ಗೌರವ ಎಷ್ಟು, ಕೀಟಲೆ ಎಷ್ಟು ಎಂಬುದು ನನಗೆ ಕೊನೆಯವರೆಗೂ ತಿಳಿಯಲಿಲ್ಲ. ಸಂಘದ ವತಿಯಿಂದ ಪ್ರತಿ ವರ್ಷ ಮೊದಲನೆಯ ದಿನ ಬೇಲೂರು, ಎರಡನೆಯ ದಿನ ಹಳೇಬೀಡು, ಮೂರನೆಯ ದಿನ ಅರಸೀಕೆರೆ ಎಂಬ ಕ್ರಮದಲ್ಲಿ ಜಾನಪದ ಕಾರ್ಯಕ್ರಮ ನಡೆಸುತ್ತಿದ್ದೆವು. ಆ ವರ್ಷ ಯಲ್ಲಾಪುರದ ಕಡೆಯಿಂದ ಸಿದ್ದಿ ಕಲಾವಿದರ ತಂಡವನ್ನು ಆಹ್ವಾನಿಸಿದ್ದೆವು. ತಲೆಮಾರುಗಳ ಹಿಂದೆ ಆಫ್ರಿಕಾದಿಂದ ಬಂದು, ನಮ್ಮ ರಾಜ್ಯದ ಕಾಡಂಚಿನಲ್ಲಿ ನೆಲೆಸಿ, ಕನ್ನಡವನ್ನೂ ಮನೆಯ ಮಾತಾಗಿ ಮಾಡಿಕೊಂಡ ಜನ ಅವರು. ಡಮಾಮಿ ಎಂಬ ದೊಡ್ಡ ಚರ್ಮವಾದ್ಯವನ್ನು ಬಾರಿಸುವವರು, ಪುಗಡಿ ಕುಣಿಯುವ ಹೆಂಗಸರು, ಅವರೆಲ್ಲರ ಮುಂದೆ ನಿಂತು ಹಾಡುವ ಒಬ್ಬ ಹಿರಿಯಮ್ಮ. ಆ ಹಿರಿಯಮ್ಮನವರಿಗೆ ರಾಜ್ಯಮಟ್ಟದ ಗೌರವ ಸಂದಿತ್ತು. ಹೀಗಾಗಿ ತಂಡದವರ ಭಾವಚಿತ್ರಗಳನ್ನು ದೊಡ್ಡದಾಗಿ ತೆಗೆಸಿ, ಅರಸೀಕೆರೆಯ ಸಮುದಾಯ ಭವನದಲ್ಲಿ ತೂಗುಹಾಕುವುದೆಂದು ಸಂಘ ತೀರ್ಮಾನಿಸಿ, ಸದರಿ ಕೆಲಸವನ್ನು ಅಕ್ಕನಿಗೆ ವಹಿಸಿತು.

ಬೇಲೂರಿನಲ್ಲಿ ತಂಡದವರು ಬಸ್ಸಿನಿಂದ ಇಳಿಯುತ್ತಿದ್ದಂತೆಯೇ ಜನ ಸುತ್ತುವರಿದರು. ಒಬ್ಬರು ಇಂಗ್ಲಿಷಿನಲ್ಲಿಯೇ ಯಾವ ದೇಶ ಎಂದು ಕೇಳಿದರು. ಹಿರಿಯಮ್ಮ ಸೆರಗು ಸರಿಪಡಿಸಿಕೊಂಡು, "ಯಲ್ಲಾಪುರ ತಾಲ್ಲೂಕು. ನಿಮ್ದು?" ಎಂದರು. ಅಕ್ಕ ಅಲ್ಲಿಯೇ ಚಪ್ಪಾಳೆ ತಟ್ಟಿ ನಕ್ಕುಬಿಟ್ಟರು. ಅವರಿಬ್ಬರಿಗೂ ಸ್ನೇಹ ಬೆಳೆದದ್ದು ಅಲ್ಲಿಂದಲೇ ಇರಬೇಕು...

ಆದರೆ ಅಂದಿನ ಫೋಟೋಗಳು ಚೆನ್ನಾಗಿ ಬರಲಿಲ್ಲ. ವೇದಿಕೆಯ ದೀಪದಲ್ಲಿ ತೆಗೆದವುಗಳಲ್ಲಿ ಸೀರೆಯ ಬಣ್ಣ ಮಾತ್ರ ಕಾಣುತ್ತಿತ್ತು, ಮುಖ ಕತ್ತಲಲ್ಲಿ ಕರಗಿತ್ತು. ಫ್ಲ್ಯಾಶ್ ಹಾಕಿ ತೆಗೆದವುಗಳಲ್ಲಿ ಹಣೆ ಹೊಳೆದು, ಕಣ್ಣು ಮೂಗುಗಳು ಚಪ್ಪಟೆಯಾಗಿದ್ದವು. ಅಕ್ಕ ಕ್ಯಾಮೆರಾದ ಹಿಂಬದಿಯ ಪರದೆಯಲ್ಲಿ ಚಿತ್ರಗಳನ್ನು ಒಂದೊಂದಾಗಿ ಸರಿಸಿ ನೋಡಿದರು.

"ನೋಡಿ ಸೆಕ್ರೆಟ್ರಿಗಳೇ, ಇಷ್ಟು ವರ್ಷ ಕಪ್ಪನ್ನ ಅಳಿಸೋದೇ ಕಲ್ತೆ. ಕಪ್ಪನ್ನ ಫೋಟೋದಲ್ಲಿ ಹಿಡಿಯೋದು ಹೆಂಗೆ ಅಂತ ಕಲೀಲೇ ಇಲ್ಲ" ಎಂದರು.

ಆಮೇಲೆ ಅವರಾಗಿಯೇ ಒಂದು ಸಂಗತಿ ತಿಳಿಸಿದರು. ಅವರ ಮದುವೆಯ ಮಾತುಕತೆಗೆಂದು ತಂದೆಯವರೇ ಮಗಳ ಫೋಟೋ ತೆಗೆದು, ಕೈಯಾರೆ ತಿದ್ದಿ, ಬೆಳ್ಳಗೆ ಮಾಡಿ ಕಳುಹಿಸಿದ್ದರಂತೆ. ಫೋಟೋ ಒಪ್ಪಿ ಗಂಡಿನ ಕಡೆಯವರು ಬಂದರು. "ನಾನು ಕಾಫಿ ತಂದಿಟ್ಟೆ. ಹುಡುಗನ ಅಮ್ಮ ನನ್ನ ಹಿಂದೆ ಬಾಗಿಲ ಕಡೇಗೇ ನೋಡ್ತಿದ್ರು, ಇನ್ನೂ ಹುಡುಗಿ ಬರ್ತಾಳೆ ಅಂತ. ಅಪ್ಪ ಒಳ್ಳೇದಕ್ಕೇ ಮಾಡಿದ್ರು ಕಣ್ರೀ. ಆದ್ರೆ ಉಪ್ಪಿಟ್ಟು ತಿಂದು ಎದ್ದು ಹೋದ್ರು ನೋಡಿ, ಆಮೇಲೆ ಅಪ್ಪ ನನ್ನ ಮುಖ ನೋಡಿ ಮಾತಾಡೋದನ್ನೇ ಬಿಟ್ಬಿಟ್ರು." ಇಷ್ಟು ಹೇಳಿ, ಕ್ಯಾಮೆರಾಕ್ಕೆ ಮುಚ್ಚಳ ಹಾಕಿದರು. ಈ ವಿಷಯವನ್ನು ಮತ್ತೆಂದೂ ಎತ್ತಲಿಲ್ಲ. ಈ ತಂಡದವರ ಮುಖ ಇದ್ದದ್ದು ಇದ್ದಂತೆಯೇ, ನಮ್ಮ ಊರಿನ ಹಿರಿಯರ ಸಾಲಿನಲ್ಲಿ ಭವನದ ಗೋಡೆಯ ಮೇಲೆ ನಿಲ್ಲಬೇಕು, ಅದಾಗದಿದ್ದರೆ ತಾನು ಕಲಿತ ವಿದ್ಯೆ ದಂಡ ಎಂದು ಮಾತ್ರ ಹೇಳಿದರು.

ಎರಡನೆಯ ದಿನ ಹಳೇಬೀಡಿನಲ್ಲಿ ನಮ್ಮ ಸಂಘದ ಅಧ್ಯಕ್ಷರು ಒಂದು ಸಲಹೆ ಕೊಟ್ಟರು. ಅವರು ದೊಡ್ಡ ಕೊಬ್ಬರಿ ವರ್ತಕರು, ಸಂಘಕ್ಕಾಗಿ ಓಡಾಡುವವರು, ಮನಸ್ಸು ಒಳ್ಳೆಯದು. "ದೇವಸ್ಥಾನದ ಶಿಲ್ಪದ ಪಕ್ಕ ನಿಲ್ಲಿಸಿ ತೆಗೀರಿ. ಅದೂ ಕಪ್ಪು, ಇವ್ರೂ ಕಪ್ಪು, ಚೆನ್ನಾಗಿ ಹೊಂದುತ್ತೆ" ಎಂದರು.

"ಯಜಮಾನ್ರೇ, ಶಿಲ್ಪದ ಪಕ್ಕ ನಿಲ್ಸಿದ್ರೆ ಜನ ಶಿಲ್ಪ ನೋಡ್ತಾರೆ. ನಿಮ್ ತಂದೆಯೋರ್ನ ಯಾವ ಕಂಬದ ಪಕ್ಕ ನಿಲ್ಸಿದ್ದೆ ನಾನು? ಕುರ್ಚೀಲಿ ಕೂರಿಸ್ಲಿಲ್ವಾ? ಇವರ್ನೂ ಅದರಲ್ಲೇ ಕೂರಿಸ್ತೀನಿ" ಎಂದು ಅಕ್ಕ ಉತ್ತರಿಸಿದರು.

ಅಷ್ಟರಲ್ಲಾಗಲೇ ಬೀಟೆ ಮರದ ಆ ಕುರ್ಚಿ ಅರಸೀಕೆರೆಯಿಂದ ಲಗೇಜ್ ಆಟೋದಲ್ಲಿ ಹೊರಟುಬಿಟ್ಟಿತ್ತು. ಅದು ತಲುಪಬೇಕಾದ ಸ್ಥಳ ಹಳೇಬೀಡಿನ ಪಕ್ಕದ ಹುಲಿಕೆರೆ. ಅಲ್ಲಿ ಹೊಯ್ಸಳರ ಕಾಲದ ಕಲ್ಯಾಣಿ ಇದೆ. ಚಿಕ್ಕಂದಿನಲ್ಲಿ ಅಜ್ಜಿಯ ಜೊತೆ ಹೋದಾಗ, ಆ ಮೆಟ್ಟಿಲುಗಳ ಬಳಿ ಬೆಳಕು ಎಲ್ಲಿಂದ ಬರುತ್ತದೆ ಎಂದೇ ಗೊತ್ತಾಗುತ್ತಿರಲಿಲ್ಲ, ಯಾರ ಮುಖವೂ ಮಂಕಾಗಿ ಕಾಣುತ್ತಿರಲಿಲ್ಲ ಎಂಬ ನೆನಪು ಅಕ್ಕನಿಗಿತ್ತಂತೆ. ಕಲ್ಯಾಣಿಯೊಳಗೆ ಕುರ್ಚಿ ಇಳಿಸುವ ಮಾತೇ ಇರಲಿಲ್ಲ. ಊರಿನವರನ್ನು ಕೇಳಿ, ಹತ್ತಿರದ ಮನೆಯೊಂದರ ಗೋಡೆಯ ನೆರಳಿನಲ್ಲಿ ಅದನ್ನು ಇರಿಸಲಾಯಿತು. ಅಕ್ಕ ಕಲ್ಯಾಣಿಯ ಸುತ್ತ ನಡೆದಾಡಿ, ಬೆಳಕು ನೀರಿಗೆ ಬಿದ್ದು, ಕಲ್ಲಿಗೆ ತಾಗಿ, ಬದಿಯಿಂದ ಹಿಂದಿರುಗುವುದನ್ನು ನೋಡಿಕೊಂಡು ಬಂದರು. ಬಂದವರೇ ಫ್ಲ್ಯಾಶನ್ನು ಚೀಲಕ್ಕೆ ಸೇರಿಸಿ, ಆ ಮನೆಯವರಿಂದ ಒಂದು ಬಿಳಿ ಪಂಚೆ ಕೇಳಿ ಪಡೆದರು. ಅದನ್ನು ಬಿಸಿಲಿಗೆ ಅಡ್ಡಲಾಗಿ ಹಿಡಿದರೆ ಬೆಳಕು ಮೆತ್ತಗಾಗಿ, ಕುಳಿತವರ ಕೆನ್ನೆಯ ಒಂದು ಬದಿಗೆ ಹೊರಳುತ್ತಿತ್ತು. ಸದರಿ ಪಂಚೆಯ ಒಂದು ತುದಿಯನ್ನು ಹಿಡಿದು ನಿಂತವನು ನಾನು ಎಂಬುದನ್ನು ಇಲ್ಲಿ ಹೆಮ್ಮೆಯಿಂದ ದಾಖಲಿಸುತ್ತೇನೆ.

ದಾರಿಹೋಕರೊಬ್ಬರು ಎತ್ತು ನಿಲ್ಲಿಸಿ, "ಏನ್ಲಾ ಇದು, ಪಂಚೆ ಒಣಗ್ಸಕ್ಕೆ ಇಬ್ರು ಬೇಕಾ? ತಂತಿ ಇಲ್ವಾ ಊರಾಗೆ?" ಎಂದು ಪಂಚೆಯ ಮನೆಯವರನ್ನು ಕೆಣಕಿದರು. ಆ ಮನೆಯವರು, "ಸುಮ್ಕೆ ಹೋಗ್ಲಾ, ನನ್ ಪಂಚೆ ಅರಸೀಕೆರೆ ಗೋಡೆ ಮ್ಯಾಕೆ ಹೋಗ್ತಾ ಐತೆ" ಎಂದರು. ಕುರ್ಚಿಯಲ್ಲಿದ್ದ ಡಮಾಮಿಯವರು ನಗು ತಡೆಯಲಾಗದೆ ಎದ್ದು, ಒಂದು ಸುತ್ತು ನಡೆದಾಡಿ ಬಂದು ಕುಳಿತುಕೊಳ್ಳಬೇಕಾಯಿತು.

ಅಕ್ಕನದು ಒಂದು ವಿಶೇಷ ಪದ್ಧತಿ. ನಗಿ ಎಂದಾಗಲೀ, ಇತ್ತ ನೋಡಿ ಎಂದಾಗಲೀ ಅವರು ಹೇಳುತ್ತಿರಲಿಲ್ಲ. "ನೀವು ಮಾಡಿರೋದ್ರಲ್ಲಿ ದೊಡ್ಡದು ಯಾವ್ದು, ಹೇಳಿ" ಎಂದು ಕೇಳುತ್ತಿದ್ದರು. ಕುಳಿತವರು ಹೇಳಿ ಮುಗಿಸಿ ಬಾಯಿ ಮುಚ್ಚಿದ ಮರುಕ್ಷಣ ಕ್ಯಾಮೆರಾ ಒತ್ತುತ್ತಿದ್ದರು. ವರ್ತಕರಿಗೂ ಹಾಗೆಯೇ, ಇವರಿಗೂ ಹಾಗೆಯೇ.

ಡಮಾಮಿಯವರು, "ಈ ವಾದ್ಯದ ಮರ ನಾನೇ ಕೊರ್ದದ್ದು. ಡಿಲ್ಲಿಯಲ್ಲಿ ಬಾರಿಸಿದಾಗ ಮುಂದಿನ ಸಾಲಿನವ್ರು ಎದ್ದು ನಿಂತಿದ್ರು" ಎಂದರು. ಪುಗಡಿಯ ಹೆಂಗಸರು, ಅಂಗಳದಲ್ಲಷ್ಟೇ ಕುಣಿಯುತ್ತಿದ್ದ ತಾವು ವೇದಿಕೆ ಹತ್ತಿದ ಮೊದಲ ದಿನವನ್ನು ನೆನೆದರು. ಹಿರಿಯಮ್ಮ ಕುರ್ಚಿಯ ತೋಳಿನ ಮೇಲೆ ಕೈಯಿಟ್ಟು ಸ್ವಲ್ಪ ಯೋಚಿಸಿದರು. ಪ್ರಶಸ್ತಿಯ ವಿಷಯ ಹೇಳುವರೆಂದು ನಾನು ನಿರೀಕ್ಷಿಸಿದ್ದೆನು.

"ನಮ್ಮ ಹುಡುಗ್ರು ಪೇಟೆಯವ್ರ ಎದ್ರಿಗೆ ಡಮಾಮಿ ಬಾರಿಸ್ಲಿಕ್ಕೆ ನಾಚ್ತಿದ್ರು. ಈಗ ನಾಚೂದಿಲ್ಲ. ಅದು ನಾ ಮಾಡಿದ್ದು" ಎಂದು ಹೇಳಿ, ಗಲ್ಲ ಎತ್ತಿದರು. ಅಕ್ಕ ಒತ್ತಿದರು. ಆ ಒಂದು ಚಿತ್ರ ಮಾತ್ರ ಮತ್ತೆ ತೆಗೆಯಬೇಕಾಗಲಿಲ್ಲ.

ಹಳೇಬೀಡಿನ ಕಾರ್ಯಕ್ರಮ ಮುಗಿಸಿ, ತಂಡದೊಡನೆ ಅರಸೀಕೆರೆಗೆ ಮರಳಿ, ಅಂದು ಸಂಜೆ ಸ್ಟುಡಿಯೋದ ಕಂಪ್ಯೂಟರಿನಲ್ಲಿ ಆ ಚಿತ್ರಗಳನ್ನು ನೋಡಿದಾಗ ಆದ ಸಂತೋಷವನ್ನು ಹೇಗೆ ನಿವೇದಿಸಲಿ... ಕಪ್ಪಿನಲ್ಲಿ ಅಷ್ಟು ಬಣ್ಣಗಳಿರುತ್ತವೆ ಎಂದು ನನಗೆ ತಿಳಿದಿರಲಿಲ್ಲ. ಕೆನ್ನೆಯಲ್ಲಿ ತಾಮ್ರ, ಹಣೆಯ ಅಂಚಿನಲ್ಲಿ ಸಣ್ಣ ನೀಲಿ, ಕಣ್ಣಿನ ಸುತ್ತ ಗೆರೆಗೆರೆಯೂ ಸ್ಪಷ್ಟ. ಹಿರಿಯಮ್ಮ ಆ ಕುರ್ಚಿಯಲ್ಲಿ, ನಮ್ಮ ಯಾವ ಯಜಮಾನರೂ ಕುಳಿತಿರದಷ್ಟು ಗಂಭೀರವಾಗಿ ಕುಳಿತಿದ್ದರು.

ಅಧ್ಯಕ್ಷರೂ ಬಂದು ನೋಡಿದರು. ಅವರ ಮುಖದಲ್ಲಿ ಸಂದೇಹ ಕಂಡಿತು. "ಚೆನ್ನಾಗೈತೆ ಕಣಮ್ಮ. ಆದ್ರೆ ಇಷ್ಟು ಕಪ್ಪಗೆ ಹಾಲ್‌ನಲ್ಲಿ ಹಾಕಿದ್ರೆ ನಮ್ ಜನ ಏನಂತಾರೆ? ಅವಮಾನ ಮಾಡ್ಬಿಟ್ರು ಅಂತ ಇವ್ರೇ ಅಂದ್ಕೋಬಹುದು. ಸ್ವಲ್ಪ ಬೆಳ್ಳಗೆ ಮಾಡು, ಅವ್ರಿಗೂ ಖುಷಿಯಾಗುತ್ತೆ" ಎಂದರು.

ಅಕ್ಕ ವಾದ ಮಾಡಲಿಲ್ಲ. ಹಿರಿಯಮ್ಮನ ಚಿತ್ರದ ಒಂದು ಪ್ರತಿಯನ್ನು ಅವರು ಹೇಳಿದಂತೆಯೇ ಬೆಳ್ಳಗೆ ಮಾಡಿ, ಮೂಲ ಚಿತ್ರದ ಪಕ್ಕದಲ್ಲಿಟ್ಟು, ಹೊರಗೆ ಬೆಂಚಿನ ಮೇಲೆ ಟೀ ಕುಡಿಯುತ್ತಿದ್ದ ಹಿರಿಯಮ್ಮನನ್ನು ಒಳಗೆ ಕರೆದರು. ಹಿರಿಯಮ್ಮ ಬೆಳ್ಳಗಿನ ಚಿತ್ರವನ್ನು ಬಗ್ಗಿ ನೋಡಿದರು.

"ಇದ್ಯಾರು ಮಾರಾಯ್ತಿ? ಇವ್ಳಿಗೆ ಹಾಡ್ಲಿಕ್ಕೆ ಬರ್ತದಾ?" ಎಂದು ಕೇಳಿ, ಟೀ ಲೋಟ ಹಿಡಿದು ಹೊರಗೆ ಹೋದರು.

ಅಷ್ಟಾದರೂ ಅಧ್ಯಕ್ಷರಿಗೆ ಧೈರ್ಯ ಬರಲಿಲ್ಲ. ಬಹಳ ಮಾತುಕತೆಯ ನಂತರ ಒಂದು ಷರತ್ತಿಗೆ ಒಪ್ಪಿದರು. ಚಿತ್ರಗಳನ್ನು ಇದ್ದಂತೆಯೇ ತೂಗುಹಾಕುವುದು. ಮರುದಿನ ಕಾರ್ಯಕ್ರಮಕ್ಕೆ ಮುಂಚೆ ಬಂದ ಜನರಲ್ಲಿ ಯಾರೊಬ್ಬರಾದರೂ ಆಕ್ಷೇಪಿಸಿದಲ್ಲಿ ತಕ್ಷಣ ಇಳಿಸುವುದು. "ಆಯ್ತು. ಇಳಿಸಿದ್ರೆ, ಕುರ್ಚೀನೂ ಹೊರಗೆ ಹಾಕ್ತೀನಿ. ಇನ್ನು ನಿಮ್ ಯಾರ್ನೂ ಅದರಲ್ಲಿ ಕೂರ್ಸಲ್ಲ" ಎಂದರು ಅಕ್ಕ. ತಮಾಷೆಗೆ ಹೇಳಿದ ಮಾತಾಗಿರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಭವನದ ಬಲಗೋಡೆಯಲ್ಲಿ, ಜಾಗ ದಾನ ಮಾಡಿದ ಹಿರಿಯರ ಭಾವಚಿತ್ರಗಳ ಸಾಲಿನಲ್ಲಿಯೇ ಮುಂದಕ್ಕೆ, ಚೌಕಟ್ಟು ಹಾಕಿಸಿದ ಸಿದ್ದಿ ಕಲಾವಿದರ ಭಾವಚಿತ್ರಗಳನ್ನು ನಾನೂ ಅಕ್ಕನೂ ನಿಂತು ತೂಗುಹಾಕಿಸಿದೆವು. ಅಳತೆ ಒಂದೇ, ಚೌಕಟ್ಟು ಒಂದೇ, ಕುರ್ಚಿಯೂ ಒಂದೇ. ಕೆಲಸ ಮುಗಿಸಿ ನಾನು ವೇದಿಕೆಯ ಕಡೆಗೆ, ಅಕ್ಕ ಊಟದ ವ್ಯವಸ್ಥೆಯ ಕಡೆಗೆ ಹೋದೆವು. ನಮ್ಮ ಊರಿನ ಒಂದು ಪದ್ಧತಿ ನಮ್ಮಿಬ್ಬರಿಗೂ ಹೊಳೆಯದೇ ಹೋದದ್ದು ಹೇಗೆ ಎಂದು ಇಂದಿಗೂ ಆಶ್ಚರ್ಯವಾಗುತ್ತದೆ. ನಮ್ಮಲ್ಲಿ ಬದುಕಿರುವವರ ಫೋಟೋ ಆಲ್ಬಮ್ಮಿನಲ್ಲಿರುತ್ತದೆ. ಅಷ್ಟು ದೊಡ್ಡ ಚೌಕಟ್ಟಿನಲ್ಲಿ ಗೋಡೆ ಏರುವುದು ಮಠದ ಸ್ವಾಮಿಗಳನ್ನು ಬಿಟ್ಟರೆ ತೀರಿಕೊಂಡ ಹಿರಿಯರು ಮಾತ್ರ.

ಮೊದಲು ಬಂದವರು ಅಧ್ಯಕ್ಷರ ತಾಯಿ. ಪ್ರತಿ ಸಮಾರಂಭದಂದು ಗೋಡೆಯ ಮೇಲಿದ್ದ ತಮ್ಮ ಯಜಮಾನರ ಭಾವಚಿತ್ರಕ್ಕೆ ಹೂವೇರಿಸುವುದು ಅವರ ವಾಡಿಕೆ. ಅಂದೂ ಬುಟ್ಟಿಯ ತುಂಬ ಸೇವಂತಿಗೆ ಹಾರ ತಂದಿದ್ದರು. ವೇದಿಕೆಯ ಮೇಲಿದ್ದ ನನಗೆ ಅವರ ಧ್ವನಿ ಕೇಳಿಸಿತು. "ಅಯ್ಯೋ ಶಿವನೇ! ಎಂಥೆಂಥ ದೊಡ್ಡೋರು! ಇಷ್ಟೂ ಜನ ಒಟ್ಟಿಗೇ ಹೋಗ್ಬಿಟ್ರಾ?"

ನಾನು ಇಳಿದು ಬರುವಷ್ಟರಲ್ಲಿ ಆ ಅಜ್ಜಿ ತಮ್ಮ ಯಜಮಾನರಿಗೆ ತಂದ ಹಾರಗಳನ್ನು ಹೊಸ ಚಿತ್ರಗಳಿಗೆಲ್ಲ ಹಂಚಿಬಿಟ್ಟಿದ್ದರು. ಅವರ ಹಿಂದೆ ಬಂದ ಹೆಂಗಸರೂ ತಮ್ಮ ಮುಡಿಯ ಹೂವು ತೆಗೆದು ಏರಿಸಿದರು. ಯಾರೋ ವಿಭೂತಿ ಹಚ್ಚಿದರು, ಯಾರೋ ಊದುಬತ್ತಿ ಹಚ್ಚಿ ಸಿಕ್ಕಿಸಿದರು. ಬಂದವರೆಲ್ಲ ಸಾಲಾಗಿ ಕೈಮುಗಿದು ಮುಂದೆ ಸರಿಯುತ್ತಿದ್ದರು. ಹಿರಿಯಮ್ಮನ ಚಿತ್ರದ ಮುಂದೆ ಒಬ್ಬರು, "ಕಣ್ಣು ನೋಡೇ, ಏನು ಕಳೆ ಐತೆ" ಎಂದು ಪಕ್ಕದವರಿಗೆ ಹೇಳಿದ್ದು ನನ್ನ ಕಿವಿಗೆ ಬಿದ್ದಿತು. ಬಣ್ಣದ ಬಗ್ಗೆ ಒಬ್ಬರೂ ಒಂದು ಮಾತು ಆಡಲಿಲ್ಲ.

ಅಧ್ಯಕ್ಷರು ಓಡಿ ಬಂದರು. "ಅಮ್ಮಾ, ಏನ್ ಮಾಡ್ದೆ! ಅವ್ರೆಲ್ಲ ಬದುಕವ್ರೆ! ಈಗ ಬತ್ತಾರೆ ಇಲ್ಲಿಗೆ!"

ಅಜ್ಜಿ ಸ್ವಲ್ಪವೂ ವಿಚಲಿತರಾಗಲಿಲ್ಲ. "ಬದುಕಿದ್ರೆ ಇನ್ನೂ ಒಳ್ಳೇದಾಯ್ತು ಬಿಡು. ಹಾಕಿದ ಹಾರ ತೆಗೀಬ್ಯಾಡ" ಎಂದರು.

ಆ ಹೊತ್ತಿಗೆ ಬಾಗಿಲಲ್ಲಿ ತಂಡ ಬಂದು ನಿಂತಿತ್ತು. ಬದುಕಿರುವವರ ಚಿತ್ರಕ್ಕೆ ಹಾರ ಹಾಕುವುದು ಅಪಶಕುನ. ಅದನ್ನು ಅವರು ಹೇಗೆ ತೆಗೆದುಕೊಳ್ಳುವರೋ ಎಂಬ ಭಯ ನನಗಾಯಿತು. ಅಡುಗೆ ಮನೆಯಿಂದ ಬಂದ ಅಕ್ಕ ಗೋಡೆ ನೋಡಿ, ಬಾಯಿಯ ಮೇಲೆ ಕೈಯಿಟ್ಟು ನಿಂತರು. ಅವರ ಕಣ್ಣಲ್ಲಿ ನೀರು ಕಂಡದ್ದು ಅದೊಂದೇ ಸಲ. ಅವರೇ ಮುಂದೆ ಹೋಗಿ, ನಮ್ಮ ಕಡೆಯ ಪದ್ಧತಿಯನ್ನೂ ಆದ ಪ್ರಮಾದವನ್ನೂ ಹಿರಿಯಮ್ಮನಿಗೆ ವಿವರಿಸಿ, ತಪ್ಪಾಯಿತು ಎಂದರು.

ಹಿರಿಯಮ್ಮ ತಮ್ಮ ಚಿತ್ರದ ಮುಂದೆ ನಿಂತು, ಹಾರವನ್ನೂ ಊದುಬತ್ತಿಯನ್ನೂ ನಿಧಾನವಾಗಿ ನೋಡಿದರು. ಪಕ್ಕದ ಚೌಕಟ್ಟಿನಲ್ಲಿದ್ದ ಅಜ್ಜಿಯ ಯಜಮಾನರನ್ನೂ ನೋಡಿದರು. ಅನಂತರ ಅಜ್ಜಿಯ ಕಡೆ ತಿರುಗಿ, "ಅಮ್ಮಾ, ನಾ ಇನ್ನೂ ಇದ್ದೇನೆ" ಎಂದರು.

"ಇರು ಕಣವ್ವ, ಚೆನ್ನಾಗಿರು. ಹೂವು ನಿಂಗೇ ತಂದಿದ್ದು ಅಂದ್ಕೋ" ಎಂದರು ಅಜ್ಜಿ.

ಹಿರಿಯಮ್ಮನಿಗೆ ಬಂದ ನಗು ಭವನದ ಛಾವಣಿಗೆ ತಾಗಿತು. "ಸತ್ತ ಮೇಲೆ ಯಾರು ಎಷ್ಟು ಹೂವು ಹಾಕ್ತಾರೆ ಅಂತ ಕಣ್ಣಾರೆ ನೋಡಿದ್ವಲ್ಲೋ! ಇನ್ನೇನು ಬೇಕು?" ಎಂದು ತಂಡದವರಿಗೆ ಹೇಳಿ, ತಮ್ಮ ಚಿತ್ರದ ಹಾರ ತೆಗೆದು ಅಕ್ಕನ ಕೊರಳಿಗೆ ಹಾಕಿದರು. ಡಮಾಮಿಯವರು ಯಾರೂ ಹೇಳದೆಯೇ ವಾದ್ಯಕ್ಕೆ ಕೈಹಾಕಿದರು. ಸ್ವಾಗತ ಭಾಷಣ, ದೀಪ ಬೆಳಗುವುದು, ನಾನು ಸಿದ್ಧಪಡಿಸಿದ್ದ ಕಾರ್ಯಕ್ರಮದ ಕ್ರಮ ಯಾವುದೂ ಉಳಿಯಲಿಲ್ಲ. ಗೋಡೆಯ ಕೆಳಗೇ ಹಾಡು ಶುರುವಾಯಿತು, ಹೆಂಗಸರು ಕುಣಿದರು. ನಮ್ಮ ಕೊಬ್ಬರಿ ಮಂಡಿಯ ಗಂಭೀರ ಜನ ಕುರ್ಚಿಗಳನ್ನು ವೇದಿಕೆಯ ಕಡೆಯಿಂದ ಗೋಡೆಯ ಕಡೆಗೆ ತಿರುಗಿಸಿಕೊಂಡರು. ಅಧ್ಯಕ್ಷರು ನನ್ನ ಬಳಿ ಬಂದು, "ಇಳಿಸೋ ಮಾತು ಆಡಿದ್ನಲ್ಲ, ಅದನ್ನ ಮರ್ತುಬಿಡ್ರಿ. ಮೊಳೆ ಇನ್ನೊಂದು ಹೊಡ್ಸಿ, ಗಟ್ಟಿಯಾಗಿರ್ಲಿ" ಎಂದರು.

ಆ ದಿನದ ನಂತರ ಸ್ಟುಡಿಯೋದಲ್ಲಿ ಮುಖ ಬೆಳ್ಳಗೆ ಮಾಡುವ ಕೆಲಸವನ್ನು ಅಕ್ಕ ನಿಲ್ಲಿಸಿದರು. ಕೆಲವು ಗಿರಾಕಿಗಳು ಬೇರೆ ಅಂಗಡಿಗೆ ಹೋದರು. ಹೋದವರನ್ನು ಅಕ್ಕ ಬೀದಿಯಲ್ಲಿ ಕಂಡರೆ, "ಏನ್ರೀ, ನಿಮ್ ಮಗಳು ಫೋಟೋದಲ್ಲಿ ಸಿಕ್ಕಿದ್ಲಾ, ಇನ್ನೂ ಹುಡುಕ್ತಾ ಇದೀರಾ?" ಎಂದು ಕೇಳದೆ ಬಿಡುತ್ತಿರಲಿಲ್ಲ. ಆದರೆ ಹೊಸ ಜನವೂ ಬಂದರು. ಗೆಂಡೆಹಳ್ಳಿಯ ಕಡೆಯ ರೈತರ ಮನೆಯ ತಾಯಿಯೊಬ್ಬರು ಮಗಳನ್ನು ಕರೆತಂದು, ಸಂಕೋಚದಿಂದ, "ಆ ಹಾಲ್‌ನಾಗೆ ಐತಲ್ಲ, ಆ ಯಮ್ಮನ್ ಥರಾನೇ ತೆಗೀರಿ" ಎಂದು ಕೇಳಿದಾಗ ನಾನು ಅಲ್ಲಿಯೇ ಇದ್ದೆನು. ಅಕ್ಕ ಕುರ್ಚಿಯ ಧೂಳು ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. ಮಾಡಿದ್ದರಲ್ಲಿ ದೊಡ್ಡದು ಯಾವುದು ಎಂಬ ಅದೇ ಪ್ರಶ್ನೆಯನ್ನು ಹುಡುಗಿಗೂ ಕೇಳಿದರು. ಆಕೆ ಏನು ಹೇಳಿದಳೋ, ಈಗ ನೆನಪಿಲ್ಲ...

ಅಕ್ಕ ತೀರಿಕೊಂಡು ಕೆಲವು ವರ್ಷಗಳಾದವು. ಕಾಯಿಲೆ ಹೆಚ್ಚು ಕಾಲ ಕಾಡಲಿಲ್ಲ. ಸ್ಟುಡಿಯೋ ಮುಚ್ಚಿತು, ಕುರ್ಚಿ ಯಾರ ಪಾಲಾಯಿತೋ ತಿಳಿಯದು. ಪಂಚೆ ಎಲ್ಲಿ ಹಿಡಿಯಬೇಕು, ಬೆಳಕನ್ನು ಎಷ್ಟು ಹೊರಳಿಸಬೇಕು ಎಂಬುದನ್ನು ನಮ್ಮಲ್ಲಿ ಯಾರೂ ಅವರಿಂದ ಕೇಳಿ ತಿಳಿದುಕೊಳ್ಳಲಿಲ್ಲ. ತುದಿ ಹಿಡಿದು ನಿಂತ ನನಗೂ ತಿಳಿಯದು. ಭಾವಚಿತ್ರಗಳು ಮಾತ್ರ ಅದೇ ಗೋಡೆಯ ಮೇಲಿವೆ. ಹೊರಗಿನಿಂದ ಬಂದ ಕಲಾವಿದರು ಅವುಗಳ ಮುಂದೆ ನಿಂತಾಗ, ಇವು ನಮ್ಮ ಊರಿನವರೇ ತೆಗೆದದ್ದು ಎಂದು ಹೇಳಲು ನಾನು ಕಾಯುತ್ತಿರುತ್ತೇನೆ.

ಈ ವರ್ಷ ಸಿದ್ದಿ ತಂಡ ಮತ್ತೆ ಬಂದಿತ್ತು. ಹಿರಿಯಮ್ಮನಿಗೆ ಈಗ ಪ್ರಯಾಣ ಆಗುವುದಿಲ್ಲವೆಂದು, ಅವರ ಮೊಮ್ಮಗಳು ತಂಡದ ಮುಂದೆ ನಿಂತು ಹಾಡಿದಳು. ಕಾರ್ಯಕ್ರಮದ ನಂತರ ಆಕೆ ತನ್ನ ಅಜ್ಜಿ ಹಿರಿಯಮ್ಮನ ಭಾವಚಿತ್ರದ ಕೆಳಗೆ ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದು ಕುಳಿತು, ತೋಳಿನ ಮೇಲೆ ಕೈಯಿಟ್ಟು, ಗಲ್ಲ ಎತ್ತಿ ನನ್ನ ಕಡೆ ನೋಡಿದಳು.

"ನಂದೂ ಹೀಂಗೇ ಒಂದು ತೆಗೆಸ್ಬೇಕು ಸರ್. ತೆಗೆದವ್ರು ಎಲ್ಲಿದ್ದಾರೆ?"

"ಅವರು ಈಗ ಇಲ್ಲಮ್ಮ" ಎಂದೆನು. ಕೆಲಸದವರು ಒಂದೊಂದಾಗಿ ಕುರ್ಚಿಗಳನ್ನು ಎತ್ತಿಡುತ್ತಿದ್ದರು. ಆಕೆ ಏಳಲಿಲ್ಲ. ಗಲ್ಲವನ್ನೂ ಇಳಿಸಲಿಲ್ಲ. ತೆಗೆಯುವವರು ಎದುರಿಗೇ ಇದ್ದಾರೆ ಎಂಬಂತೆ, ಇನ್ನೂ ಸ್ವಲ್ಪ ಹೊತ್ತು ಹಾಗೆಯೇ ಕುಳಿತಿದ್ದಳು.